ಹಿರಿಯರ ನಡಿಗೆ ಮತ್ತು ನೆನಪು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಮನೆಯ ಹಿರಿಯರ ನಡಿಗೆ ಮತ್ತು ಮರೆವನ್ನು ಕುರಿತವೇ ಹೆಚ್ಚಾಗಿರುವುದರಿಂದ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಡಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಭತ್ತದ ಲೆಕ್ಕ, ಕೂಲಿಯ ಲೆಕ್ಕ, ಕಾಲುವೆ ನೀರಿನ ಪಾಳಿ ಎಲ್ಲವೂ ಅವರ ಬಾಯಲ್ಲೇ ಇರುತ್ತಿತ್ತು. ಎರಡು ವರ್ಷಗಳಿಂದ ಹೊಲಕ್ಕೆ ಹೋಗುವ ನಡಿಗೆ ನಿಧಾನವಾಗಿದೆ. ದಾರಿಯಲ್ಲಿ ಯಾರಾದರೂ ಮಾತನಾಡಿಸಿದರೆ ನಡೆಯುತ್ತಲೇ ಉತ್ತರ ಕೊಡುತ್ತಿದ್ದವರು ಈಗ ನಿಂತುಬಿಡುತ್ತಾರೆ. ಕಾಲು ನೋವಿಲ್ಲ ಎನ್ನುತ್ತಾರೆ. ಕಳೆದ ಹಂಗಾಮಿನಲ್ಲಿ ನೀರಿನ ಪಾಳಿಯನ್ನು ಎರಡು ಸಲ ಮರೆತರು. ಈ ನಡಿಗೆಗೂ ಮರೆವಿಗೂ ಸಂಬಂಧವಿದೆಯೇ? (ಸಿಂಧನೂರು ತಾಲ್ಲೂಕಿನ ಓದುಗರು)

ಉತ್ತರ: ಸಂಬಂಧವಿದೆ, ಮತ್ತು ನೀವು ಅದನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದೀರಿ. ನಡೆಯುವುದು ಕಾಲಿನ ಕೆಲಸವೆಂದು ನಾವು ಭಾವಿಸಿರುತ್ತೇವೆ. ಆದರೆ ಮೆದುಳಿನ ಹಲವು ಭಾಗಗಳು ಒಟ್ಟಾಗಿ ನಿರ್ವಹಿಸುವ ಕೆಲಸಗಳಲ್ಲಿ ಅದೂ ಒಂದು. ಯಾವ ಬದುವಿನ ಮೇಲೆ ಕಾಲಿಡಬೇಕು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾವ ಕಡೆ ಸರಿಯಬೇಕು ಎಂಬುದನ್ನು ಮುಮ್ಮೆದುಳು ನಿರ್ಧರಿಸುತ್ತದೆ. ಹೆಜ್ಜೆಯ ಉದ್ದ ಮತ್ತು ಲಯವನ್ನು ಮೆದುಳಿನ ಆಳದಲ್ಲಿರುವ ನರಕೋಶಗಳ ಗುಂಪುಗಳು ಕಾಯ್ದುಕೊಳ್ಳುತ್ತವೆ. ಸಮತೋಲವನ್ನು ಹಿಮ್ಮೆದುಳೂ ದಾರಿಯ ನೆನಪನ್ನು ಹಿಪ್ಪೊಕ್ಯಾಂಪಸ್ ಎಂಬ ಭಾಗವೂ ನೋಡಿಕೊಳ್ಳುತ್ತವೆ. ಯೋಜನೆ ಹಾಕುವ, ಗಮನ ಹಿಡಿದಿಡುವ, ಎರಡು ಕೆಲಸಗಳನ್ನು ಒಟ್ಟಿಗೆ ಸಾಗಿಸುವ ಸಾಮರ್ಥ್ಯಗಳೂ ಬಹುಮಟ್ಟಿಗೆ ಇದೇ ಮುಮ್ಮೆದುಳಿಗೆ ಸೇರಿದವು. ಆ ಸಾಮರ್ಥ್ಯ ಕುಗ್ಗುತ್ತ ಬಂದಾಗ ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗುತ್ತದೆ. ಮಾತಿಗೆಂದು ಉಳಿಯುವುದು ಕಡಿಮೆ. ಆದ್ದರಿಂದ ಮಾತು ಬಂದಾಗ ಕಾಲು ನಿಲ್ಲುತ್ತದೆ. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದೇ ಲಕ್ಷಣವನ್ನು ವರದಿ ಮಾಡಿದ್ದರು. ಮಾತನಾಡಿಸಿದಾಗ ನಿಂತುಬಿಡುವ ವೃದ್ಧರು ಮುಂದಿನ ಆರು ತಿಂಗಳಲ್ಲಿ ಬೀಳುವ ಸಂಭವ ಹೆಚ್ಚೆಂದು ಅವರು ಕಂಡುಕೊಂಡರು.

ಇನ್ನೊಂದು ಕಾರಣ ರಕ್ತನಾಳಗಳದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಭಾಗದ ಹೊಲ ಎಂಬುದು ನಿಮ್ಮ ತಾಲ್ಲೂಕಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮೆದುಳಿನ ಆಳದ ಬಿಳಿ ನರತಂತುಗಳ ಸ್ಥಿತಿಯೂ ಅಂಥದ್ದೇ: ಅವುಗಳಿಗೆ ರಕ್ತ ತರುವ ಸಣ್ಣ ನಾಳಗಳು ಕವಲುಗಳ ತುದಿಯಲ್ಲಿವೆ, ಬೇರೆ ಕಡೆಯಿಂದ ಬರುವ ರಕ್ತದ ಆಸರೆ ಅವಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅನೇಕ ವರ್ಷಗಳ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿಯ ಚಟ ಈ ನಾಳಗಳ ಗೋಡೆಯನ್ನು ದಪ್ಪಗೊಳಿಸಿದಾಗ ಮೊದಲು ಸೊರಗುವುದು ಆ ತಂತುಗಳೇ. ಮುಮ್ಮೆದುಳಿನಿಂದ ಕಾಲಿಗೆ ಹೋಗುವ ಸಂದೇಶಗಳೂ ಯೋಚನೆಯ ವೇಗವನ್ನು ಕಾಯುವ ಸಂಪರ್ಕಗಳೂ ಅದೇ ಮಾರ್ಗದಲ್ಲಿ ಸಾಗುವುದರಿಂದ ನಡಿಗೆ ಮತ್ತು ಚುರುಕುತನ ಎರಡೂ ಒಟ್ಟಿಗೆ ಇಳಿಯುತ್ತವೆ. ಲಕ್ವಾ ಹೊಡೆದಂತೆ ಒಂದು ದಿನ ತಟ್ಟನೆ ಕಾಣಿಸಿಕೊಳ್ಳದೆ ವರ್ಷಗಟ್ಟಲೆ ಮೆಲ್ಲಗೆ ನಡೆಯುವ ಹಾನಿಯಾದ್ದರಿಂದ ಮನೆಯವರ ಗಮನಕ್ಕೆ ಬರುವುದು ತಡವಾಗುತ್ತದೆ.

ಈ ಇಳಿಕೆ ಎಷ್ಟು ಮೊದಲೇ ಆರಂಭವಾಗಬಹುದೆಂಬುದಕ್ಕೆ ಅಮೆರಿಕದ ಆರೆಗಾನ್‌ನಲ್ಲಿ ಹಿರಿಯರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಉತ್ತರ ಕೊಟ್ಟಿತು: ಅರಿವಿನ ಸೌಮ್ಯ ಕುಸಿತ (ನೆನಪು, ಯೋಚನೆ ವಯಸ್ಸಿಗೆ ಮೀರಿ ತುಸು ಕುಗ್ಗಿದ್ದರೂ ದಿನನಿತ್ಯದ ಕೆಲಸ ನಡೆಯುವ ಸ್ಥಿತಿ) ಪತ್ತೆಯಾಗುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಅಂಥವರ ನಡಿಗೆಯ ವೇಗ ಹೆಚ್ಚು ತೀವ್ರವಾಗಿ ಇಳಿಯತೊಡಗಿತ್ತು. ನ್ಯೂಯಾರ್ಕಿನ ನರರೋಗ ತಜ್ಞ ಜೋ ವರ್ಗೀಸ್ ಮತ್ತು ಅವರ ಸಂಗಡಿಗರು 2013ರಲ್ಲಿ ಎರಡು ಸರಳ ಲಕ್ಷಣಗಳನ್ನು ಸೇರಿಸಿ ನೋಡುವ ಕ್ರಮವನ್ನು ಮುಂದಿಟ್ಟರು. ಡಿಮೆನ್ಷಿಯಾ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಗ್ಗುವ ಮರೆವಿನ ರೋಗ) ಇನ್ನೂ ಇಲ್ಲದ, ಸ್ವತಂತ್ರವಾಗಿ ಓಡಾಡುವ ಹಿರಿಯರೊಬ್ಬರು ‘ನೆನಪು ಮೊದಲಿನಂತಿಲ್ಲ’ ಎಂದು ಹೇಳಿಕೊಂಡು, ಜೊತೆಗೆ ಅವರ ನಡಿಗೆ ಅದೇ ವಯಸ್ಸಿನ ಇತರರಿಗಿಂತ ಗಣನೀಯವಾಗಿ ನಿಧಾನವಾಗಿದ್ದರೆ, ಅವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಂಭವ ಮೂರು ಪಟ್ಟಿಗೂ ಹೆಚ್ಚು ಎಂದು ಆ ಅಧ್ಯಯನ ಕಂಡಿತು. ಮರುವರ್ಷ 17 ದೇಶಗಳ 26,802 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಶೇ 9.7ರಷ್ಟು ಜನರಲ್ಲಿ ಈ ಜೋಡಿ ಲಕ್ಷಣ ಕಂಡುಬಂತು. ಇದೇ ತಂಡದ ಸಹಯೋಗದಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿಯೂ ಅಧ್ಯಯನ ನಡೆದಿದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದ ಸುಮಾರು 17,000 ಹಿರಿಯರ ಮಾಹಿತಿಯನ್ನಾಧರಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನಡಿಗೆ ಮಾತ್ರ ಅಥವಾ ನೆನಪು ಮಾತ್ರ ಕುಗ್ಗಿದವರಿಗಿಂತ ಎರಡೂ ಒಟ್ಟಿಗೆ ಕುಗ್ಗಿದವರಲ್ಲಿ ಡಿಮೆನ್ಷಿಯಾದ ಅಪಾಯ ಅತಿ ಹೆಚ್ಚಾಗಿತ್ತು.

ನಿಮ್ಮ ತಂದೆಯವರಂತಹ ಹಿರಿಯರ ವಿಷಯದಲ್ಲಿ ನಡಿಗೆಯನ್ನು ಗಮನಿಸುವುದಕ್ಕೆ ನಾನು ವಿಶೇಷ ಮಹತ್ವ ಕೊಡುತ್ತೇನೆ. ನೆನಪಿನ ಪರೀಕ್ಷೆಗಳಲ್ಲಿ ಹಲವು ಓದು ಬರಹ ಬಲ್ಲವರಿಗಾಗಿ ಹುಟ್ಟಿದವು. ವಾಕ್ಯ ಬರೆಯಿರಿ, ಗಡಿಯಾರದ ಚಿತ್ರ ಬಿಡಿಸಿ, ನೂರರಿಂದ ಏಳನ್ನು ಕಳೆಯುತ್ತ ಹೋಗಿ ಎಂದು ಕೇಳುವಂಥವು. ಪೆನ್ನು ಹಿಡಿಯದ ಕೈಗೆ ಇಂಥ ಪರೀಕ್ಷೆ ಕೊಟ್ಟರೆ ಆರೋಗ್ಯವಂತರೂ ರೋಗಿಗಳಂತೆ ಕಾಣುತ್ತಾರೆ. ನಡಿಗೆಗೆ ಅಕ್ಷರ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡ, ತೆಲುಗು, ಹಿಂದಿ ಮೊದಲಾದ ಭಾಷೆಗಳಲ್ಲಿ ನಮ್ಮ ಜನರಿಗೆ ಹೊಂದುವ ಪರೀಕ್ಷೆಗಳನ್ನು ರೂಪಿಸಿದೆ. ವೈದ್ಯರ ಬಳಿ ಹೋದಾಗ ತಂದೆಯವರು ಶಾಲೆ ಕಲಿತಿಲ್ಲವೆಂಬುದನ್ನು ಮೊದಲೇ ತಿಳಿಸಿ, ಮನೆಯಲ್ಲಿ ಮಾತನಾಡುವ ಭಾಷೆಯಲ್ಲೇ ಪ್ರಶ್ನೆ ಕೇಳುವಂತೆ ವಿನಂತಿಸಿ.

ಮನೆಯಲ್ಲೇ ಅಳೆಯುವುದು ಹೀಗೆ. ಸಮತಟ್ಟಾದ ಪಡಸಾಲೆ ಅಥವಾ ಅಂಗಳದಲ್ಲಿ ನಾಲ್ಕು ಮೀಟರ್ ಅಳೆದು ಎರಡು ಕಡೆ ಗೆರೆ ಎಳೆಯಿರಿ. ಗೆರೆಗಿಂತ ಎರಡು ಹೆಜ್ಜೆ ಹಿಂದಿನಿಂದ ಹೊರಟು, ಇನ್ನೊಂದು ಗೆರೆಯ ಆಚೆಗೂ ಎರಡು ಹೆಜ್ಜೆ ಹೋಗುವಂತೆ, ದಿನನಿತ್ಯದ ವೇಗದಲ್ಲಿ ನಡೆಯಲು ಹೇಳಿ. ಎರಡು ಗೆರೆಗಳ ನಡುವಿನ ಸಮಯವನ್ನು ಮೊಬೈಲಿನಲ್ಲಿ ಗುರುತಿಸಿ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆ ಎಂದರ್ಥ. ಅಷ್ಟಾದರೆ ವೈದ್ಯರಿಗೆ ತೋರಿಸಲೇಬೇಕು. ನಂತರ ಊರಿನ ದನಕರು, ಪ್ರಾಣಿಗಳ ಹೆಸರು ಹೇಳುತ್ತ ನಡೆಯಲು ತಿಳಿಸಿ ಮತ್ತೊಮ್ಮೆ ಅಳೆಯಿರಿ. ಯಾರಾದರೂ ಪಕ್ಕದಲ್ಲೇ ಇರಬೇಕು, ಏಕೆಂದರೆ ಈ ಹೊತ್ತಿನಲ್ಲೇ ಎಡವುವುದು ಹೆಚ್ಚು. ಅರಿವಿನ ಸೌಮ್ಯ ಕುಸಿತ ಇರುವವರ ಮೇಲೆ ಕೆನಡಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಎರಡು ಕೆಲಸ ಒಟ್ಟಿಗೆ ಮಾಡುವಾಗ ವೇಗ ಶೇ 20ಕ್ಕಿಂತ ಹೆಚ್ಚು ಇಳಿದವರು ಮುಂದೆ ಡಿಮೆನ್ಷಿಯಾಕ್ಕೆ ಜಾರಿದ್ದು ಹೆಚ್ಚು. ಒಂದು ದಿನದ ಅಳತೆಗಿಂತ ಆರು ತಿಂಗಳಿಗೊಮ್ಮೆ ಬರೆದಿಟ್ಟ ಅಳತೆಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಎರಡು ವರ್ಷದಿಂದ ನಡಿಗೆ ಇಳಿದು ಪಾಳಿಯೂ ಮರೆತಿರುವುದರಿಂದ ತಡಮಾಡಬೇಡಿ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ12 ಜೀವಸತ್ವದ ಪರೀಕ್ಷೆಗಳಿಂದ ಆರಂಭಿಸಬಹುದು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮದ ಸೇವೆಗಳ ಬಗ್ಗೆ ನಿಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ತಂದೆಯವರ ಹೊಲದ ಓಡಾಟವನ್ನು ನಿಲ್ಲಿಸಬೇಡಿ. ಯಾರಾದರೂ ಜೊತೆಗೆ ಹೋಗಲಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ಎರಡೂ ಮೊಣಕಾಲುಗಳಲ್ಲಿ ನೋವು. ನಿಧಾನವಾಗಿ ನಡೆಯುವವರಿಗೆ ಮರೆವಿನ ರೋಗ ಬರುತ್ತದೆ ಎಂದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದನ್ನು ಕೇಳಿ ತುಂಬ ಹೆದರಿದ್ದಾರೆ. ಅವರ ನೆನಪು ಚೆನ್ನಾಗಿಯೇ ಇದೆ. (ಬಳ್ಳಾರಿಯ ಓದುಗರು)

ಉತ್ತರ: ಅತ್ತೆಯವರಿಗೆ ದಯವಿಟ್ಟು ಧೈರ್ಯ ಹೇಳಿ. ಮೊಣಕಾಲು ಸವೆದವರು ನೋವಿಗಾಗಿ ನಿಧಾನವಾಗಿ ನಡೆಯುತ್ತಾರೆ. ಅದರಿಂದ ಅವರ ಮೆದುಳಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂದವಾದರೂ, ಕಣ್ಣಿಗೆ ಪೊರೆ ಬಂದರೂ, ರಾತ್ರಿ ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ನಡಿಗೆ ಕುಗ್ಗುತ್ತದೆ. ನಮ್ಮ ಭಾಗದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಈ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಅದನ್ನು ಬಹುಕಾಲ ಕುಡಿದವರಲ್ಲಿ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಕೆಲವರಲ್ಲಿ ಬೆಳೆದ ಮೂಳೆ ಬೆನ್ನುಹುರಿಯನ್ನೇ ಒತ್ತಿ ಕಾಲುಗಳ ಶಕ್ತಿಯನ್ನು ಕುಂದಿಸುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಅತ್ತೆಯವರು ಹಳ್ಳಿಯಲ್ಲಿ ಬೆಳೆದವರಾಗಿದ್ದು ಬೆನ್ನು, ಕುತ್ತಿಗೆ ಬಿಗಿಯಾಗಿದ್ದರೆ ವೈದ್ಯರಿಗೆ ಇದನ್ನೂ ತಿಳಿಸಿ.

ಬಿ12ರ ಪರೀಕ್ಷೆಯನ್ನು ಮಾತ್ರ ತಪ್ಪದೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ನುಂಗಿದವರಲ್ಲಿಯೂ ಮಾಂಸಾಹಾರ ಸೇವಿಸದವರಲ್ಲಿಯೂ ಇದು ಕಡಿಮೆಯಾಗುವುದುಂಟು. ಕೊರತೆ ತೀವ್ರವಾದರೆ ಕಾಲುಗಳ ಸ್ಪರ್ಶ ಮತ್ತು ಸಮತೋಲ ಕೆಡುತ್ತವೆ, ಮರೆವೂ ಬರುತ್ತದೆ. ಬೇಗ ಗುರುತಿಸಿದರೆ ಕಡಿಮೆ ಖರ್ಚಿನ ಇಂಜೆಕ್ಷನ್ ಅಥವಾ ಮಾತ್ರೆಯಿಂದಲೇ ಸರಿಹೋಗುವ ತೊಂದರೆ ಇದು. ಇದನ್ನು ‘ವಯಸ್ಸು’ ಎಂದುಕೊಂಡು ಬಿಟ್ಟುಬಿಡುವ ಮನೆಗಳಿವೆಯಲ್ಲ ಎಂಬುದೇ ಸಂಕಟ. ಮೊಣಕಾಲು ನೋವೆಂದು ಅವರು ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದರೆ ತೊಡೆಯ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ, ನಾಲ್ಕು ಜನರೊಂದಿಗಿನ ಮಾತು ತಪ್ಪುತ್ತದೆ. ಫಿಸಿಯೋಥೆರಪಿಯವರಿಂದ ತೊಡೆಗೆ ಬಲ ಕೊಡುವ ವ್ಯಾಯಾಮ ಕಲಿಸಿ.

ಪ್ರಶ್ನೆ: ನನ್ನ ಯಜಮಾನರಿಗೆ 70 ವರ್ಷ. ಐದಾರು ತಿಂಗಳಲ್ಲಿ ನಡಿಗೆ ಪೂರ್ತಿ ಬದಲಾಗಿದೆ. ಪಾದಗಳು ನೆಲಕ್ಕೆ ಅಂಟಿಕೊಂಡಂತೆ ಎಳೆದು ನಡೆಯುತ್ತಾರೆ, ತಿರುಗುವಾಗ ತಡಬಡಿಸುತ್ತಾರೆ. ಮೂತ್ರ ತಡೆಯಲಾಗುವುದಿಲ್ಲ. ಮಾತು ಕಡಿಮೆಯಾಗಿದೆ, ಮಂಕಾಗಿದ್ದಾರೆ. ತೋರಿಸಿದ ಕಡೆ ವಯಸ್ಸಿನ ದೋಷ ಎಂದರು. (ಕೊಪ್ಪಳದ ಓದುಗರು)

ಉತ್ತರ: ಅಮ್ಮಾ, ಈ ಅಂಕಣ ಓದಿದ ವಾರದಲ್ಲೇ ಅವರನ್ನು ನರರೋಗ ತಜ್ಞರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೆದುಳಿನ ಸ್ಕ್ಯಾನ್ ಮಾಡಿಸಿ. ನೀವು ಬರೆದಿರುವ ಮೂರು ಲಕ್ಷಣಗಳು (ಅಂಟಿದಂಥ ನಡಿಗೆ, ಮೂತ್ರದ ಹಿಡಿತ ತಪ್ಪುವುದು, ಮಂಕುತನ) ಒಟ್ಟಿಗೆ ಬಂದಾಗ ಮೆದುಳಿನೊಳಗಿನ ಕುಹರಗಳಲ್ಲಿ ದ್ರವ ತುಂಬಿಕೊಂಡಿರುವ ಸಾಧ್ಯತೆಯನ್ನು ಪರಿಶೀಲಿಸಲೇಬೇಕು. ‘ನಾರ್ಮಲ್ ಪ್ರೆಷರ್ ಹೈಡ್ರೊಕೆಫಾಲಸ್’ ಎಂದು ಕರೆಯಲಾಗುವ ಈ ತೊಂದರೆಯನ್ನು 1965ರಲ್ಲಿ ಹಕೀಂ ಮತ್ತು ಆ್ಯಡಮ್ಸ್ ಎಂಬ ವೈದ್ಯರು ವಿವರಿಸಿದರು. ಇದರಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ನಡಿಗೆ, ಚಿಕಿತ್ಸೆಯಿಂದ ಹೆಚ್ಚು ಸುಧಾರಿಸುವುದೂ ನಡಿಗೆಯೇ; ಮರೆವು ಅಷ್ಟರಮಟ್ಟಿಗೆ ಹಿಮ್ಮೆಟ್ಟದಿರಬಹುದು. ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ 30ರಿಂದ 50 ಮಿಲಿಲೀಟರ್ ದ್ರವ ತೆಗೆದು, ಅದಕ್ಕೆ ಮುಂಚಿನ ಮತ್ತು ನಂತರದ ನಡಿಗೆಯನ್ನು ಅಳೆದು ನೋಡುತ್ತಾರೆ. ಸುಧಾರಣೆ ಕಂಡರೆ, ಹೆಚ್ಚುವರಿ ದ್ರವವನ್ನು ಹೊಟ್ಟೆಯ ಭಾಗಕ್ಕೆ ಹರಿಸುವ ಸಣ್ಣ ಕೊಳವೆಯನ್ನು ಶಸ್ತ್ರಚಿಕಿತ್ಸೆಯಿಂದ ಅಳವಡಿಸುತ್ತಾರೆ.

ಇತ್ತೀಚೆಗೆ ಅವರು ಬಿದ್ದಿದ್ದರೆ, ತಲೆಗೆ ಸಣ್ಣ ಪೆಟ್ಟಾಗಿದ್ದರೂ ಸರಿ, ಅದನ್ನು ವೈದ್ಯರಿಗೆ ಹೇಳಿ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಶೇಖರವಾಗಿ ವಾರಗಳ ನಂತರ ನಡಿಗೆ ಮತ್ತು ಬುದ್ಧಿ ಎರಡನ್ನೂ ಮಂದಗೊಳಿಸಬಹುದು. ಅದೂ ಚಿಕಿತ್ಸೆಗೆ ಒಗ್ಗುವ ತೊಂದರೆ. ಒಂದು ಕೈಯ ಬೀಸು ನಿಂತಿದೆಯೇ, ಕೈ ನಡುಗುತ್ತದೆಯೇ ಎಂಬುದನ್ನೂ ಗಮನಿಸಿ. ಪಾರ್ಕಿನ್ಸನ್ ಕಾಯಿಲೆ ಹಾಗೆ ಕಾಣಿಸಿಕೊಳ್ಳುತ್ತದೆ. ತಿಂಗಳುಗಳಲ್ಲಿ ಬದಲಾದ ನಡಿಗೆಗೆ ‘ವಯಸ್ಸಾಯಿತು’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ವಯಸ್ಸು ಅಷ್ಟು ಬೇಗ ನಡಿಗೆಯನ್ನು ಕೆಡಿಸುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ದಿನವೂ ನಡೆದರೆ ಮರೆವಿನ ರೋಗ ಬರುವುದೇ ಇಲ್ಲವೇ? ಎಷ್ಟು ನಡೆಯಬೇಕು? ನಮ್ಮೂರ ಬಿಸಿಲಿನಲ್ಲಿ ಇದು ಸಾಧ್ಯವೇ? (ರಾಯಚೂರಿನ ಓದುಗರು)

ಉತ್ತರ: ‘ಬರುವುದೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ರಿಟನ್ನಿನ 78,000ಕ್ಕೂ ಹೆಚ್ಚು ಜನರ ಹೆಜ್ಜೆಗಳನ್ನು ಕೈಗೆ ಕಟ್ಟಿದ ಉಪಕರಣದಿಂದ ಎಣಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 3,800 ಹೆಜ್ಜೆ ಹಾಕುವವರಲ್ಲಿ ಡಿಮೆನ್ಷಿಯಾದ ಅಪಾಯ ಶೇ 25ರಷ್ಟು, ಸುಮಾರು 9,800 ಹೆಜ್ಜೆ ಹಾಕುವವರಲ್ಲಿ ಶೇ 50ರಷ್ಟು ಕಡಿಮೆ ಇತ್ತು. ಆದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಮೆದುಳು ಕುಗ್ಗತೊಡಗಿದವರ ನಡಿಗೆ ಮೊದಲೇ ಇಳಿದಿರುತ್ತದೆ. ಹೀಗಾಗಿ ನಡೆದದ್ದರಿಂದ ಮೆದುಳು ಉಳಿಯಿತೋ, ಮೆದುಳು ಚೆನ್ನಾಗಿದ್ದುದರಿಂದ ನಡೆದರೋ ಎಂಬುದನ್ನು ಇಂಥ ಅಧ್ಯಯನದಿಂದ ಬೇರ್ಪಡಿಸುವುದು ಕಷ್ಟ. ಅಮೆರಿಕದಲ್ಲಿ 70ರಿಂದ 89 ವರ್ಷದ 1,635 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಡಿಗೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯ ಶಿಕ್ಷಣ ಕೊಟ್ಟು ನಡೆಸಿದ ‘ಲೈಫ್’ ಪ್ರಯೋಗ ಈ ದೃಷ್ಟಿಯಿಂದ ಹೆಚ್ಚು ನಂಬಲರ್ಹ. ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯುವ ಶಕ್ತಿ ಹೆಚ್ಚು ಕಾಲ ಉಳಿಯಿತು. ಎರಡು ವರ್ಷಗಳ ಕೊನೆಗೆ ನೆನಪಿನ ಪರೀಕ್ಷೆಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ, ಅಪಾಯ ಹೆಚ್ಚಿರುವ 1,260 ಜನರಿಗೆ ಆಹಾರ, ವ್ಯಾಯಾಮ, ಬುದ್ಧಿಗೆ ತರಬೇತಿ ಮತ್ತು ರಕ್ತದೊತ್ತಡ ಮೊದಲಾದವುಗಳ ನಿಯಂತ್ರಣವನ್ನು ಒಟ್ಟಿಗೆ ಒದಗಿಸಿದ ‘ಫಿಂಗರ್’ ಪ್ರಯೋಗದಲ್ಲಿ ಬುದ್ಧಿಶಕ್ತಿ ಹೆಚ್ಚು ಚೆನ್ನಾಗಿ ಉಳಿದದ್ದು 2015ರಲ್ಲಿ ವರದಿಯಾಯಿತು.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಡಿಗೆಯೊಂದನ್ನೇ ನೆಚ್ಚಿಕೊಂಡು ರಕ್ತದೊತ್ತಡದ ಮಾತ್ರೆ ಬಿಡುವುದು, ಕಿವಿ ಕೇಳಿಸದಿದ್ದರೂ ಶ್ರವಣ ಯಂತ್ರ ಬೇಡವೆನ್ನುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ಸಂಬಂಧಿಸಿದ, ಬದಲಾಯಿಸಬಹುದಾದ 14 ಅಂಶಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ದೈಹಿಕ ಚಟುವಟಿಕೆ ಇಲ್ಲದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿ ದೋಷ, ಒಂಟಿತನ, ಧೂಮಪಾನ, ವಾಯುಮಾಲಿನ್ಯ ಎಲ್ಲವೂ ಆ ಪಟ್ಟಿಯಲ್ಲಿವೆ.

ಪ್ರಮಾಣದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು, ಅಷ್ಟು ಬಿರುಸು. 65 ದಾಟಿದವರು ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮವನ್ನು ಸೇರಿಸಿಕೊಳ್ಳಬೇಕು: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಯ ಪಕ್ಕ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ತಾಗಿಸಿ ನಡೆಯುವುದು. ಬೇಸಿಗೆಯಲ್ಲಿ ರಾಯಚೂರಿನ ಬಿಸಿ 40 ಡಿಗ್ರಿ ದಾಟುವುದರಿಂದ ಬಿಸಿಲೇರುವ ಮುನ್ನವೇ ವಾಯುವಿಹಾರ ಮುಗಿಸಿ, ಹೊರಡುವ ಮುಂಚೆ ನೀರು ಕುಡಿಯಿರಿ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಬಳ್ಳಾರಿ, ಸಂಡೂರು ಕಡೆಯ ಓದುಗರು ಅದಿರು ಲಾರಿಗಳ ರಸ್ತೆಯ ಬದಿಯನ್ನು ಬಿಟ್ಟು ಧೂಳು ಕಡಿಮೆ ಇರುವ ಶಾಲಾ ಮೈದಾನವನ್ನೋ ಉದ್ಯಾನವನ್ನೋ ಆರಿಸಿಕೊಳ್ಳಲಿ. ಜೊತೆಗೊಬ್ಬ ಗೆಳೆಯರಿದ್ದರೆ ನಡೆಯುತ್ತ ಮಾತನಾಡುವುದೂ ಅಭ್ಯಾಸದಲ್ಲಿರುತ್ತದೆ.

ಪ್ರಶ್ನೆ: ಅವ್ವನಿಗೆ ಡಿಮೆನ್ಷಿಯಾ ಎಂದು ಖಚಿತವಾಗಿದೆ. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಹೊರಟುಬಿಡುತ್ತಾಳೆ. ಒಮ್ಮೆ ಕಾಲುವೆಯವರೆಗೂ ಹೋಗಿದ್ದಳು. ಹೊರಗಿನಿಂದ ಬೀಗ ಹಾಕುತ್ತಿದ್ದೇವೆ. ಇದು ತಪ್ಪೇ? (ಗಂಗಾವತಿಯ ಓದುಗರು)

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಒಳಗೆ ಅವರೊಬ್ಬರೇ ಇರುವಾಗ ಹೊರಗಿನಿಂದ ಬೀಗ ಹಾಕಬೇಡಿ. ಬೆಂಕಿಯೋ ಬೀಳುವುದೋ ಆದರೆ ನೆರವಿಗೆ ಯಾರೂ ಇರುವುದಿಲ್ಲ. ಯಾರಾದರೂ ಮನೆಯಲ್ಲಿದ್ದು, ಬಾಗಿಲು ತೆರೆದರೆ ಸದ್ದಾಗುವಂತೆ ಗಂಟೆ ಕಟ್ಟುವುದು ಮೇಲು. ಮೂತ್ರಕ್ಕೆ ಹೋಗಬೇಕೆಂದೋ, ಹಸಿವಾಗಿಯೋ, ನೋವಿನಿಂದಲೋ ಚಡಪಡಿಸುತ್ತಿರಬಹುದು. ಅದನ್ನು ಮೊದಲು ನೋಡಿ. ‘ಇದೇ ಮನೆ’ ಎಂದು ವಾದಿಸುವುದಕ್ಕಿಂತ ‘ನಡಿ ಅವ್ವ, ನಾನೂ ಬರ್ತೀನಿ’ ಎಂದು ಜೊತೆಗೆ ಹೊರಟು ಓಣಿಯ ಒಂದು ಸುತ್ತು ಹಾಕಿಸಿ ಕರೆತಂದರೆ ಹೆಚ್ಚಿನ ಸಲ ಸಮಾಧಾನವಾಗುತ್ತಾರೆ. ಸಂಜೆ ಆ ಹೊತ್ತು ಬರುವ ಮುನ್ನವೇ ದಿನವೂ ಹೀಗೆ ನಡೆಸಿದರೆ ನಿದ್ರೆಗೂ ಅನುಕೂಲ.

ಹೆಸರು, ಊರು ಮತ್ತು ನಿಮ್ಮ ಫೋನ್ ಸಂಖ್ಯೆ ಬರೆದ ಬಟ್ಟೆಯ ಪಟ್ಟಿಯನ್ನು ಅವರ ಸೀರೆ, ರವಿಕೆಗಳ ಒಳಗೆ ಹೊಲಿಸಿ. ಓಣಿಯ ಕಿರಾಣಿ ಅಂಗಡಿಯವರಿಗೂ ಆಟೋ ನಿಲ್ದಾಣದವರಿಗೂ ಅವರ ಸ್ಥಿತಿಯನ್ನು ತಿಳಿಸಿಡಿ. ಮುಚ್ಚಿಡಬೇಕಾದ ವಿಷಯ ಇದಲ್ಲ. ಇತ್ತೀಚಿನ ಫೋಟೊ ಒಂದು ಮೊಬೈಲಿನಲ್ಲಿರಲಿ. ಆರೈಕೆಯ ಬಗ್ಗೆ ಮಾಹಿತಿಗೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಅವರು ಕಾಣದಾದರೆ ಒಂದು ದಿನ ಕಾಯಬೇಕೆಂಬ ನಿಯಮವೇನೂ ಇಲ್ಲ. ಕೂಡಲೇ 112ಕ್ಕೆ ತಿಳಿಸಿ, ಮೊದಲು ಕಾಲುವೆ, ಕೆರೆ, ಬಾವಿಗಳ ಕಡೆಯೂ ಅವರು ಹಿಂದೆ ವಾಸವಿದ್ದ ಮನೆಯ ದಾರಿಯಲ್ಲೂ ಹುಡುಕಿ.